16 ವಾರ ನಡೆದವರು ಆಮೇಲೆ ಏನಾದರು?

"ಬೆಳಗ್ಗೆ ಎದ್ದು ಒಂದು ರೌಂಡ್ ವಾಕಿಂಗ್ ಹೋಗಿ ಬನ್ನಿ, ಎಲ್ಲ ಸರಿಹೋಗುತ್ತೆ."

ಮಂಕಾಗಿ ಕೂತ ಅಪ್ಪನಿಗೋ ಅತ್ತೆಗೋ ಈ ಮಾತು ಹೇಳದ ಮನೆ ಕಡಿಮೆ. ಹೇಳಿದವರು ಕಾಫಿ ಲೋಟ ಕೆಳಗಿಟ್ಟು ಆಫೀಸಿಗೆ ಹೊರಡುತ್ತಾರೆ. ಕೇಳಿಸಿಕೊಂಡವರು ಗೋಡೆ ಕಡೆ ತಿರುಗಿ ಮಲಗುತ್ತಾರೆ. ಸಂಜೆ ಬಂದು ನೋಡಿದರೆ ಚಪ್ಪಲಿ ಬಿಟ್ಟ ಜಾಗದಲ್ಲೇ ಇರುತ್ತದೆ.

ಆ ಮಾತು ಸುಳ್ಳೇನೂ ಅಲ್ಲ. ಆದರೆ ಎಷ್ಟು ನಡೆಯಬೇಕು, ಎಷ್ಟು ಜೋರಾಗಿ, ಎಷ್ಟು ದಿನ, ಯಾರು ಕರೆದುಕೊಂಡು ಹೋಗಬೇಕು ಅನ್ನುವುದೆಲ್ಲ ಅದರಲ್ಲಿ ಬಿಟ್ಟುಹೋಗಿದೆ. ಖಿನ್ನತೆ ಇದ್ದವರಲ್ಲಿ ಇದನ್ನೆಲ್ಲ ಅಳೆದು ನೋಡಿದ ಒಂದು ಪ್ರಯೋಗ ಇದೆ. ಹಳೆಯದು, 1999ರದ್ದು. ಅದು ಹೆಸರಾದದ್ದು ಒಂದು ಕಾರಣಕ್ಕೆ. ನನಗೆ ಅದು ಮುಖ್ಯ ಅನಿಸುವುದು ಬೇರೆ ಕಾರಣಕ್ಕೆ. ಹಾಗಾಗಿ ಪೂರ್ತಿ ಹೇಳಿಬಿಡುತ್ತೇನೆ.

ಯಾರು ಬಂದಿದ್ದರು

ಅಮೆರಿಕದ ನಾರ್ತ್ ಕೆರೊಲಿನಾ ರಾಜ್ಯದಲ್ಲಿ ಡರ್‌ಹ್ಯಾಮ್ ಅನ್ನುವ ಊರಿದೆ. ಅಲ್ಲಿ ಡ್ಯೂಕ್ ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರ. ಜೇಮ್ಸ್ ಬ್ಲೂಮೆಂಥಾಲ್ ಎಂಬ ಮನಶ್ಶಾಸ್ತ್ರಜ್ಞರು ಮತ್ತು ಅವರ ತಂಡ ಪತ್ರಿಕೆ, ರೇಡಿಯೊ, ಟೀವಿಗಳಲ್ಲಿ ಜಾಹೀರಾತು ಕೊಟ್ಟು ಜನರನ್ನು ಕರೆದರು. ವೈದ್ಯರಿಗೂ ಪತ್ರ ಬರೆದರು. ಕೊನೆಗೆ ಸೇರಿದವರು 156 ಮಂದಿ. ಎಲ್ಲರಿಗೂ 50 ದಾಟಿತ್ತು. ಸರಾಸರಿ ವಯಸ್ಸು 57, ಎಲ್ಲರಿಗಿಂತ ಹಿರಿಯರಿಗೆ 77.

ಐವತ್ತೇಳು ಅಂದರೆ ಹಿರಿಯರಾ ಅಂತ ನೀವು ಕೇಳಬಹುದು. ನಮ್ಮಲ್ಲಿ ಆ ವಯಸ್ಸಿಗೆ ರಿಟೈರ್‌ಮೆಂಟ್ ಬೀಳ್ಕೊಡುಗೆಯ ಮಾತು ಶುರುವಾಗಿರುತ್ತದೆ, ಅಷ್ಟೇ. ಈ ಪ್ರಶ್ನೆ ನೆನಪಿಟ್ಟುಕೊಳ್ಳಿ, ಮುಂದೆ ಮತ್ತೆ ಬರುತ್ತದೆ.

ಬಂದವರೆಲ್ಲರಿಗೂ ತೀವ್ರ ಖಿನ್ನತೆ ಇದೆ ಎಂದು ಪರೀಕ್ಷೆ ಮಾಡಿ ಗುರುತಿಸಿದ್ದರು. ಯಾವುದೋ ಒಂದು ದಿನದ ಬೇಜಾರಿಗೆ ಈ ಹೆಸರು ಕೊಡುವುದಿಲ್ಲ. ಕಡಿಮೆ ಅಂದರೆ ಎರಡು ವಾರ, ದಿನದ ಹೆಚ್ಚಿನ ಹೊತ್ತು, ಒಂಬತ್ತು ಲಕ್ಷಣಗಳಲ್ಲಿ ಐದಾದರೂ ಇರಬೇಕು. ಮನಸ್ಸು ಕುಗ್ಗಿರುವುದು, ಇಲ್ಲವೇ ಯಾವುದರಲ್ಲೂ ಆಸೆ ಇಲ್ಲದಿರುವುದು, ಈ ಎರಡರಲ್ಲಿ ಒಂದಂತೂ ಇರಲೇಬೇಕು. ಉಳಿದವು ನಿದ್ದೆ, ಊಟ, ತೂಕ, ಸುಸ್ತು, ಗಮನ ನಿಲ್ಲದಿರುವುದು, ನಿಧಾನವಾಗುವುದು ಅಥವಾ ಚಡಪಡಿಸುವುದು, ತನ್ನಿಂದ ಯಾರಿಗೂ ಉಪಯೋಗ ಇಲ್ಲ ಅನಿಸುವುದು, ಸಾವಿನ ಯೋಚನೆ.

ನಮ್ಮ ಮನೆಗಳಲ್ಲಿ ಹಿರಿಯರು ಇದನ್ನು ಹೀಗೆ ಹೇಳುವುದಿಲ್ಲ, ಅಲ್ವಾ? "ನನಗೆ ಖಿನ್ನತೆ" ಅಂತ ಯಾವ ಅಜ್ಜಿಯೂ ಹೇಳಿದ್ದನ್ನು ನಾನು ಕೇಳಿಲ್ಲ. "ಬಾಯಿಗೆ ರುಚಿ ಇಲ್ಲ" ಅನ್ನುತ್ತಾರೆ. "ರಾತ್ರಿ ಮೂರಕ್ಕೇ ಎಚ್ಚರ" ಅನ್ನುತ್ತಾರೆ. "ಮೈಯೆಲ್ಲ ಹಿಡಿದುಕೊಂಡ ಹಾಗಿದೆ, ಯಾಕೋ ಯಾವುದೂ ಬೇಡ" ಅನ್ನುತ್ತಾರೆ. ಮನೆಯವರು "ವಯಸ್ಸಾಯ್ತಲ್ಲ" ಎಂದು ಮಾತು ಮುಗಿಸುತ್ತಾರೆ. ದಿನಾ ಹೂ ಬಿಡಿಸಿ ದೇವರಿಗೆ ಇಡುತ್ತಿದ್ದವರು ಅದನ್ನು ಬಿಟ್ಟರೆ ಅದು ವಯಸ್ಸಿನ ಲಕ್ಷಣ ಅಲ್ಲ. ವಯಸ್ಸು ಕೆಲಸವನ್ನು ನಿಧಾನ ಮಾಡುತ್ತದೆ. ಇಷ್ಟವನ್ನೇ ಕಿತ್ತುಕೊಂಡು ಹೋಗುವುದಿಲ್ಲ.

ಯಾರನ್ನು ಸೇರಿಸಿಕೊಳ್ಳಲಿಲ್ಲ ಅನ್ನುವುದನ್ನೂ ಹೇಳಬೇಕು. ಆಗಲೇ ಖಿನ್ನತೆಗೆ ಮಾತ್ರೆ ತೆಗೆದುಕೊಳ್ಳುತ್ತಿದ್ದವರು, ಆಗಲೇ ವ್ಯಾಯಾಮ ಮಾಡುತ್ತಿದ್ದವರು, ವ್ಯಾಯಾಮ ಮಾಡಿದರೆ ಅಪಾಯ ಆಗುವಂಥ ಕಾಯಿಲೆ ಇದ್ದವರು, ಜೀವ ಕಳೆದುಕೊಳ್ಳುವ ಯೋಚನೆ ತೀವ್ರವಾಗಿದ್ದವರು, ಇವರೆಲ್ಲ ಹೊರಗೆ ಉಳಿದರು. ಅಂದರೆ ಇದು ತನ್ನ ಕಾಲ ಮೇಲೆ ಎದ್ದು, ಜಾಹೀರಾತು ಓದಿ, ಬರುತ್ತೇನೆ ಎಂದು ಒಪ್ಪಿದವರ ಕಥೆ. ಹಾಸಿಗೆ ಬಿಟ್ಟು ಏಳಲೂ ಆಗದವರಿಗೆ ಇದನ್ನು ಹಾಗೇ ಅನ್ವಯಿಸಲು ಬರುವುದಿಲ್ಲ.

ಏನು ಮಾಡಿದರು

ಚೀಟಿ ಎತ್ತಿದ ಹಾಗೆ, ಯಾರು ಎಲ್ಲಿ ಎಂದು ಮೊದಲೇ ಗೊತ್ತಾಗದಂತೆ ಮೂರು ಗುಂಪು ಮಾಡಿದರು. 53 ಜನರಿಗೆ ವ್ಯಾಯಾಮ ಮಾತ್ರ. 48 ಜನರಿಗೆ ಸರ್ಟ್ರಲೀನ್ ಮಾತ್ರೆ ಮಾತ್ರ. ನಮ್ಮಲ್ಲೂ ಮನೋವೈದ್ಯರು ಬರೆದುಕೊಡುವ ಮಾತ್ರೆಯೇ ಅದು. 50 ಮಿಲಿಗ್ರಾಂನಿಂದ ಶುರು ಮಾಡಿ, ಬೇಕಾದರೆ 200ರವರೆಗೆ ಏರಿಸಿದರು. ಉಳಿದ 55 ಜನರಿಗೆ ಎರಡೂ. ಎಲ್ಲರಿಗೂ 16 ವಾರ. ಹತ್ತಿರಹತ್ತಿರ ಒಂದು ಚಾತುರ್ಮಾಸ್ಯ ಅನ್ನಿ.

ವ್ಯಾಯಾಮದ ಗುಂಪಿನವರು ವಾರಕ್ಕೆ ಮೂರು ದಿನ ಬರಬೇಕಿತ್ತು. ಮೊದಲ 10 ನಿಮಿಷ ಮೈ ಬಿಸಿ ಮಾಡಿಕೊಳ್ಳುವುದು. ಆಮೇಲೆ 30 ನಿಮಿಷ ಎಲ್ಲೂ ನಿಲ್ಲದೆ ಚುರುಕು ನಡಿಗೆ ಅಥವಾ ನಿಧಾನದ ಓಟ. ಕೊನೆಗೆ 5 ನಿಮಿಷ ಮೈ ತಣಿಸುವುದು. ಪಕ್ಕದಲ್ಲೇ ತರಬೇತಾದವರು ನಿಂತು ನಾಡಿ ನೋಡುತ್ತಿದ್ದರು. ಲೆಕ್ಕ ಹಾಕಿದರೆ 48 ಸಲ.

ಈ 30 ನಿಮಿಷ ಎಷ್ಟು ಜೋರು ಅನ್ನುವುದು ಮುಖ್ಯ, ಇಲ್ಲೇ ಎಲ್ಲರೂ ಎಡವುವುದು. ಹೃದಯದ ಬಡಿತ ಅದರ ಮೀಸಲು ಶಕ್ತಿಯ ಶೇ 70ರಿಂದ 85ರ ಮಧ್ಯೆ ಇರಬೇಕು ಅಂತ ಅವರ ನಿಯಮ. ಒಂದು ಅಂದಾಜು ಮಾಡೋಣ. 60 ವರ್ಷದವರು ಅಂತ ಇಟ್ಟುಕೊಳ್ಳಿ. 220ರಲ್ಲಿ 60 ಕಳೆದರೆ 160. ಗುಂಡಿಗೆ ನಿಮಿಷಕ್ಕೆ ಹೆಚ್ಚೆಂದರೆ ಅಷ್ಟು ಸಲ ಬಡಿಯಬಹುದು. ಸುಮ್ಮನೆ ಕೂತಾಗ 70 ಇರುತ್ತದೆ ಅನ್ನಿ. ಮಧ್ಯದ 90 ಇದೆಯಲ್ಲ, ಅದೇ ಮೀಸಲು. ಅದರ ಶೇ 70 ಅಂದರೆ 63. ಕೂತಾಗಿನ 70ಕ್ಕೆ ಸೇರಿಸಿದರೆ 133. ಶೇ 85 ಹಿಡಿದರೆ ಸುಮಾರು 146. ಡ್ಯೂಕ್‌ನವರು ಪ್ರತಿಯೊಬ್ಬರನ್ನೂ ಟ್ರೆಡ್‌ಮಿಲ್ ಮೇಲೆ ಪರೀಕ್ಷೆ ಮಾಡಿ ಲೆಕ್ಕ ಕಟ್ಟಿದ್ದರು. ನಮ್ಮದು ಬರೀ ಅಂದಾಜು, ಅದನ್ನೇ ನಂಬಿಕೊಂಡು ಓಡಬೇಡಿ.

133 ಅಂದರೆ ಎಂಥ ನಡಿಗೆ? ಉಸಿರು ಜೋರಾಗುತ್ತದೆ, ಹಣೆ ಬೆವರುತ್ತದೆ. ಎರಡು ಮಾತು ಆಡಬಹುದು, ಹಾಡು ಹೇಳಲು ಆಗುವುದಿಲ್ಲ. ಈಗ ನಮ್ಮ ಪಾರ್ಕುಗಳನ್ನು ನೆನಪಿಸಿಕೊಳ್ಳಿ. ಒಂದು ಸುತ್ತು, ಒಂದು ಬೆಂಚು. ಇನ್ನೊಂದು ಸುತ್ತು, ಯಾರದೋ ಮಗಳ ಮದುವೆ ಮಾತು. ಆಮೇಲೆ ಗೇಟಿನ ಹತ್ತಿರ ಇಡ್ಲಿ. ಅದರಲ್ಲಿ ತಪ್ಪೇನಿಲ್ಲ, ನಾಲ್ಕು ಜನರ ಮುಖ ನೋಡುವುದೂ ಮನಸ್ಸಿಗೆ ಔಷಧವೇ. ಆದರೆ ಡ್ಯೂಕ್‌ನಲ್ಲಿ ಅಳೆದದ್ದು ಆ ನಡಿಗೆಯನ್ನಲ್ಲ. "ನಾನೂ ದಿನಾ ವಾಕಿಂಗ್ ಹೋದೆ, ಏನೂ ಆಗಲಿಲ್ಲ" ಅನ್ನುವವರನ್ನು ಕಂಡಾಗ ನಾನು ಮೊದಲು ಕೇಳುವುದು ಬೆವರು ಬಂತಾ ಅಂತ.

ನಾಲ್ಕು ತಿಂಗಳಿಗೆ ಬಂದ ಉತ್ತರ

16 ವಾರ ಮುಗಿದಾಗ ಖಿನ್ನತೆಯ ಲಕ್ಷಣಗಳ ಗೆರೆಯಿಂದ ಹೊರಗೆ ಬಂದವರು ಇಷ್ಟು: ವ್ಯಾಯಾಮದ ಗುಂಪಿನಲ್ಲಿ ಶೇ 60.4, ಮಾತ್ರೆಯ ಗುಂಪಿನಲ್ಲಿ ಶೇ 68.8, ಎರಡೂ ಮಾಡಿದವರಲ್ಲಿ ಶೇ 65.5. ಈ ಅಂತರ ಲೆಕ್ಕಕ್ಕೆ ಹಿಡಿಯುವಷ್ಟು ದೊಡ್ಡದಲ್ಲ. ಮೂರೂ ಗುಂಪು ಹೆಚ್ಚುಕಡಿಮೆ ಒಂದೇ ಕಡೆ ಬಂದು ನಿಂತವು. ಈ ಪ್ರಯೋಗಕ್ಕೆ ಹೆಸರು ಬಂದದ್ದು ಇದರಿಂದಲೇ. ವ್ಯಾಯಾಮವೂ ಮಾತ್ರೆಯೂ ಸಮ ಅನ್ನುವ ಮಾತು ಇವತ್ತಿಗೂ ವಾಟ್ಸಾಪ್‌ನಲ್ಲಿ ಸುತ್ತುತ್ತಿರುತ್ತದೆ.

ಇಲ್ಲಿ ಸ್ವಲ್ಪ ನಿಲ್ಲಬೇಕು. ಮೊದಲನೆಯದು, ಬೇಗ ಕೆಲಸ ಮಾಡಿದ್ದು ಮಾತ್ರೆ. ಮೊದಲ ವಾರಗಳಲ್ಲಿ ಮಾತ್ರೆಯವರು ಮುಂದಿದ್ದರು, ನಡೆದವರು ಹಿಂದಿನಿಂದ ಬಂದು ಸೇರಿಕೊಂಡರು. ಊಟ ಬಿಟ್ಟು ಒಣಗುತ್ತಿರುವವರಿಗೆ, "ನಾನಿದ್ದು ಏನು ಪ್ರಯೋಜನ" ಎಂದು ದಿನಾ ಹೇಳುತ್ತಿರುವವರಿಗೆ ಆ ಮೊದಲ ವಾರಗಳೇ ಜೀವದ ಪ್ರಶ್ನೆ. ಅವರನ್ನು ವಾಕಿಂಗ್ ಶೂ ಕೊಟ್ಟು ಕಾಯಿಸುವುದು ತಪ್ಪು.

ಎರಡನೆಯದು, ಬಿಟ್ಟು ಹೋದವರು. ವ್ಯಾಯಾಮದ 53ರಲ್ಲಿ 14 ಜನ ಮಧ್ಯದಲ್ಲೇ ಬಿಟ್ಟರು. ಮಾತ್ರೆಯ 48ರಲ್ಲಿ ಬಿಟ್ಟವರು 7. ನಾಲ್ಕರಲ್ಲಿ ಒಬ್ಬರಿಗಿಂತ ಜಾಸ್ತಿ ಜನ ನಡಿಗೆ ಮುಗಿಸಲಿಲ್ಲ. ನಾಡಿ ನೋಡುವವರಿದ್ದೂ, ಜೊತೆಗಾರರಿದ್ದೂ ಹೀಗೆ. ಮಲಗಿದ ಕೋಣೆಯ ಬಾಗಿಲಲ್ಲಿ ನಿಂತು "ಎದ್ದು ಹೋಗಿ" ಅಂದರೆ ಎಷ್ಟು ಜನ ಹೋದಾರು?

ಮೂರನೆಯದು ಇನ್ನೂ ದೊಡ್ಡ ತೊಡಕು. ಸುಮ್ಮನಿದ್ದ ಗುಂಪು ಅಂತ ಒಂದು ಇರಲೇ ಇಲ್ಲ. ಔಷಧ ಇಲ್ಲದ ಹುಸಿ ಮಾತ್ರೆ ನುಂಗಿದವರೂ ಇರಲಿಲ್ಲ. ಖಿನ್ನತೆ ಕೆಲವರಿಗೆ ಕಾಲ ಕಳೆದಂತೆ ತಾನಾಗಿಯೇ ಇಳಿಯುತ್ತದೆ. ವಾರಕ್ಕೆ ಮೂರು ಸಲ ಮನೆ ಬಿಟ್ಟು ಹೊರಗೆ ಬಂದು, ನಾಲ್ಕು ಜನರ ಜೊತೆ ಸೇರಿ, "ಹೇಗಿದ್ದೀರಿ" ಅಂತ ಕೇಳುವವರೊಬ್ಬರು ಸಿಕ್ಕರೆ ಅದರಿಂದಲೂ ಇಳಿಯುತ್ತದೆ. ಗುಣ ಮಾಡಿದ್ದು ಕಾಲೋ, ಜೊತೆಯೋ? ಈ ಪ್ರಯೋಗದಲ್ಲಿ ಅದು ಬೇರೆಯಾಗಿ ಸಿಗುವುದಿಲ್ಲ.

ಪ್ರಯೋಗ ಮುಗಿದ ಮೇಲಿನ ಆರು ತಿಂಗಳು

ಇಷ್ಟಕ್ಕೇ ನಿಂತಿದ್ದರೆ ಇದನ್ನು ಬರೆಯುತ್ತಿರಲಿಲ್ಲ. 16 ವಾರವಾದ ಮೇಲೆ ತಂಡದವರು ಯಾರಿಗೂ ಏನೂ ಕಡ್ಡಾಯ ಮಾಡಲಿಲ್ಲ. ಬೇಕಾದವರು ನಡೆದರು, ಬೇಕಾದವರು ಮಾತ್ರೆ ಮುಂದುವರಿಸಿದರು, ಕೆಲವರು ಎರಡನ್ನೂ ಬಿಟ್ಟರು. ಆರು ತಿಂಗಳ ನಂತರ ಅವರನ್ನು ಮತ್ತೆ ಕರೆದು ನೋಡಿದರು. ಮೈಕೆಲ್ ಬಾಬ್ಯಾಕ್ ಮತ್ತು ಜೊತೆಗಾರರ ಈ ಎರಡನೇ ವರದಿ 2000ದಲ್ಲಿ ಬಂತು.

ಈ ಸಲ ಇನ್ನೂ ಬಿಗಿಯಾದ ಅಳತೆ ಇಟ್ಟರು. ಅದರ ಪ್ರಕಾರ 16 ವಾರದಲ್ಲಿ ಪೂರ್ತಿ ಚೇತರಿಸಿಕೊಂಡವರು 83 ಜನ. ಅವರಲ್ಲಿ ಎಷ್ಟು ಜನ ಮತ್ತೆ ಖಿನ್ನತೆಗೆ ಬಿದ್ದರು ಎಂದು ಎಣಿಸಿದರು. ಮಾತ್ರೆಯ ಗುಂಪಿನ 29ರಲ್ಲಿ 11 ಜನ. ಎರಡೂ ಮಾಡಿದ 29ರಲ್ಲಿ 9 ಜನ. ಬರೀ ವ್ಯಾಯಾಮ ಮಾಡಿದ 25ರಲ್ಲಿ ಬಿದ್ದವರು ಇಬ್ಬರು.

ಇಬ್ಬರೇ!

ಹಿರಿಯರ ಖಿನ್ನತೆಯಲ್ಲಿ ಮನೆಯವರನ್ನು ಸುಸ್ತು ಮಾಡುವುದು ಮೊದಲ ಸಲ ಬಿದ್ದದ್ದಕ್ಕಿಂತ ಎರಡನೇ ಸಲ ಬೀಳುವುದು. ಒಂದು ಸಲ ಎಲ್ಲರೂ ಸೇರಿ ಎತ್ತುತ್ತಾರೆ. ಮಗಳು ಊರಿಂದ ಬರುತ್ತಾಳೆ, ಮಗ ರಜೆ ಹಾಕುತ್ತಾನೆ. ಅವ್ವ ಮತ್ತೆ ರೊಟ್ಟಿ ತಟ್ಟಲು ಶುರು ಮಾಡಿದ ದಿನ ಮನೆಗೇ ಜೀವ ಬಂದ ಹಾಗಾಗುತ್ತದೆ. ಆರು ತಿಂಗಳಿಗೆ ಮತ್ತೆ ಅದೇ ಗೋಡೆ, ಅದೇ ಮಗ್ಗುಲು ಅಂದರೆ ಎತ್ತುವವರ ಕೈಯೂ ಸೋಲುತ್ತದೆ. ಹಾಗಾಗಿ 60.4 ಮತ್ತು 68.8ರ ಜಗಳಕ್ಕಿಂತ ಈ 2 ಮತ್ತು 11 ನನಗೆ ದೊಡ್ಡದು.

25 ಜನರ ಲೆಕ್ಕ ಸಣ್ಣದು, ಅದು ನನಗೂ ಗೊತ್ತು. ಇನ್ನಿಬ್ಬರು ಬಿದ್ದಿದ್ದರೆ ಶೇಕಡಾವಾರು ಎರಡರಷ್ಟಾಗುತ್ತಿತ್ತು. ಆದರೂ ಇನ್ನೊಂದು ಎಳೆ ಇದಕ್ಕೆ ಜೋಡಿಸಿಕೊಂಡಿದೆ. ವ್ಯಾಯಾಮದ ಗುಂಪಿನ ಶೇ 64 ಜನ ಪ್ರಯೋಗ ಮುಗಿದ ಮೇಲೂ ವ್ಯಾಯಾಮ ಬಿಡಲಿಲ್ಲ. ಮಾತ್ರೆಯ ಗುಂಪಿನವರಲ್ಲೂ ಸುಮಾರು ಅರ್ಧದಷ್ಟು ಜನ ತಾವಾಗಿಯೇ ವ್ಯಾಯಾಮ ಶುರು ಮಾಡಿದರು. ಯಾವ ಗುಂಪಿನವರೇ ಆಗಲಿ, ವಾರಕ್ಕೆ 50 ನಿಮಿಷ ಹೆಚ್ಚು ವ್ಯಾಯಾಮ ಮಾಡಿದವರು ಖಿನ್ನತೆಯಲ್ಲಿರುವ ಸಂಭವ ಅರ್ಧಕ್ಕೆ ಇಳಿದಿತ್ತು. ದಿನಕ್ಕೆ ಹಂಚಿದರೆ ಏಳು ನಿಮಿಷ ಚಿಲ್ಲರೆ.

ಇದರಲ್ಲೂ ಒಂದು ಕೊಕ್ಕೆ ಇದೆ. ನಡೆದದ್ದಕ್ಕೆ ಚೆನ್ನಾಗಿದ್ದರೋ, ಚೆನ್ನಾಗಿದ್ದದ್ದಕ್ಕೆ ನಡೆದರೋ? ಮನಸ್ಸು ಹಗುರ ಇದ್ದವರು ತಾನೇ ಬೆಳಗ್ಗೆ ಎದ್ದು ಶೂ ಹಾಕುವುದು. ಎರಡೂ ಸ್ವಲ್ಪ ಸ್ವಲ್ಪ ನಿಜ ಇರಬೇಕು. ಒಳ್ಳೆಯ ದಿನ ನಡೆಸುತ್ತದೆ, ನಡೆದ ದಿನ ಒಳ್ಳೆಯದಾಗುತ್ತದೆ. ಸುತ್ತು ಒಮ್ಮೆ ತಿರುಗಲು ಶುರುವಾದರೆ ಯಾವುದು ಮೊದಲು ಅನ್ನುವ ಪ್ರಶ್ನೆ ಪ್ರಯೋಗಾಲಯದವರಿಗೆ ಇರಲಿ.

ಎರಡೂ ಮಾಡಿದವರು ಯಾಕೆ ಗೆಲ್ಲಲಿಲ್ಲ

ಈ ಪ್ರಯೋಗದ ಒಗಟು ಮೂರನೇ ಗುಂಪು. ನಡಿಗೆ ಒಳ್ಳೆಯದು, ಮಾತ್ರೆಯೂ ಒಳ್ಳೆಯದು ಅಂದಮೇಲೆ ಎರಡೂ ಸೇರಿದರೆ ಇನ್ನೂ ಒಳ್ಳೆಯದಾಗಬೇಕಿತ್ತು. ಆಗಲಿಲ್ಲ. ಮತ್ತೆ ಬಿದ್ದವರ ಲೆಕ್ಕದಲ್ಲಿ ಅವರು ಮಾತ್ರೆಯವರ ಪಕ್ಕದಲ್ಲೇ ನಿಂತರು.

ತಂಡದವರದು ಒಂದು ಊಹೆ. ಬರೀ ನಡೆದು ಗುಣವಾದವರಿಗೆ "ಇದನ್ನು ನಾನೇ ಮಾಡಿದೆ, ಕಷ್ಟಪಟ್ಟು ಗೆದ್ದೆ" ಅನ್ನುವ ಭಾವ ಬಂದಿರಬಹುದು. ಜೊತೆಗೆ ಮಾತ್ರೆಯೂ ಇದ್ದವರು ಗುಣವಾದ ಪುಣ್ಯವನ್ನು ಮಾತ್ರೆಯ ಖಾತೆಗೆ ಹಾಕಿರಬಹುದು. ಊಹೆಯೇ ಇರಬಹುದು, ಆದರೆ ಹಿರಿಯರ ಜೊತೆ ಇದ್ದವರಿಗೆ ಇದು ಹೊಸ ಮಾತಲ್ಲ. ಎಲ್ಲವನ್ನೂ ಬೇರೆಯವರು ಮಾಡಿಕೊಡುವ ವಯಸ್ಸದು. ಮಾತ್ರೆ ಎಣಿಸಿ ಕೊಡುವವರು ಬೇರೆ, ಬ್ಯಾಂಕಿಗೆ ಹೋಗುವವರು ಬೇರೆ, ಟೀವಿ ರಿಮೋಟ್ ಕೂಡ ಮೊಮ್ಮಗನ ಕೈಯಲ್ಲಿ. ಅಂಥದ್ದರಲ್ಲಿ "ಇವತ್ತು ಎರಡು ಸುತ್ತು ಜಾಸ್ತಿ ಹಾಕಿದೆ" ಎಂದು ಹೇಳಲು ಸಿಗುವುದು ಸಣ್ಣ ಮಾತಲ್ಲ. ಆ ಎರಡು ಸುತ್ತು ಅವರದ್ದೇ.

ಆದರೆ ಇದನ್ನು ಓದಿ ಯಾರಾದರೂ ಮಾತ್ರೆಯ ಡಬ್ಬಿ ಎಸೆದರೆ ದೊಡ್ಡ ಅನಾಹುತ. ಸ್ಕಾಟ್ಲೆಂಡಿನ ಡಂಡಿಯಲ್ಲಿ ನಡೆದು 2002ರಲ್ಲಿ ವರದಿಯಾದ ಇನ್ನೊಂದು ಪ್ರಯೋಗ ಬೇರೆಯದೇ ಚಿತ್ರ ಕೊಡುತ್ತದೆ. ಅಲ್ಲಿ ತೆಗೆದುಕೊಂಡದ್ದು 86 ಹಿರಿಯರನ್ನು. ಸರಿಯಾದ ಪ್ರಮಾಣದಲ್ಲಿ ಆರು ವಾರವಾದರೂ ಮಾತ್ರೆ ನುಂಗಿ ಸಾಕಷ್ಟು ಗುಣ ಕಾಣದವರು ಅವರು. ಮಾತ್ರೆ ಮುಂದುವರಿಸುತ್ತಲೇ ಅರ್ಧ ಜನ ವಾರಕ್ಕೆ ಎರಡು ಸಲ ವ್ಯಾಯಾಮದ ತರಗತಿಗೆ ಹೋದರು. ಉಳಿದವರು ಆರೋಗ್ಯದ ಬಗ್ಗೆ ಭಾಷಣ ಕೇಳಲು ಹೋದರು, ಅವರಿಗೂ ಜೊತೆ ಸಿಗಲಿ ಎಂದು. ಹತ್ತು ವಾರಕ್ಕೆ ವ್ಯಾಯಾಮದವರಲ್ಲಿ ಶೇ 55 ಜನರಿಗೆ ಗುಣ ಕಂಡಿತು, ಭಾಷಣ ಕೇಳಿದವರಲ್ಲಿ ಶೇ 33 ಜನರಿಗೆ. ಮಾತ್ರೆ ಅರ್ಧ ದಾರಿಗೆ ತಂದು ನಿಲ್ಲಿಸಿದವರನ್ನು ವ್ಯಾಯಾಮ ಮುಂದಕ್ಕೆ ಎಳೆದುಕೊಂಡು ಹೋಯಿತು. ಜೊತೆಯಷ್ಟೇ ಸಾಕಿದ್ದರೆ ಭಾಷಣದವರೂ ಅಷ್ಟೇ ಗುಣವಾಗಬೇಕಿತ್ತಲ್ಲ?

ಎಂಬತ್ತು ದಾಟಿದವರ ಮಾತು

ಮೊದಲೇ ನೆನಪಿಟ್ಟುಕೊಳ್ಳಿ ಅಂದಿದ್ದೆನಲ್ಲ, ಆ ವಯಸ್ಸಿನ ಪ್ರಶ್ನೆ. ಡ್ಯೂಕ್‌ನ 57ರವರಿಗೆ ಆದದ್ದು ನಮ್ಮ ಮನೆಯ 85ರ ಅಜ್ಜನಿಗೂ ಆಗುತ್ತದಾ?

ಇಂಗ್ಲೆಂಡಿನಲ್ಲಿ ಇದನ್ನು ದೊಡ್ಡದಾಗಿಯೇ ನೋಡಿದರು. ಕವೆಂಟ್ರಿ, ವಾರ್ವಿಕ್‌ಶೈರ್ ಮತ್ತು ಈಶಾನ್ಯ ಲಂಡನ್‌ನ 78 ವೃದ್ಧಾಶ್ರಮಗಳು, 891 ಹಿರಿಯರು. ಅವರಲ್ಲಿ ಹತ್ತಿರಹತ್ತಿರ ಅರ್ಧ ಜನರಿಗೆ ಖಿನ್ನತೆಯ ಲಕ್ಷಣಗಳಿದ್ದವು. ವ್ಯಾಯಾಮದ ಆಶ್ರಮಗಳಲ್ಲಿ ವಾರಕ್ಕೆ ಎರಡು ಸಲ ಫಿಸಿಯೋಥೆರಪಿಸ್ಟ್ ಬಂದು 45 ನಿಮಿಷ ಗುಂಪಿನಲ್ಲಿ ವ್ಯಾಯಾಮ ಮಾಡಿಸಿದರು. ಒಟ್ಟು ಮೂರು ಸಾವಿರಕ್ಕೂ ಹೆಚ್ಚು ತರಗತಿ. 2013ರಲ್ಲಿ ಫಲಿತಾಂಶ ಬಂತು. ಖಿನ್ನತೆ ಇಳಿಯಲಿಲ್ಲ. ವ್ಯಾಯಾಮ ಸಿಕ್ಕ ಆಶ್ರಮಕ್ಕೂ ಸಿಗದ ಆಶ್ರಮಕ್ಕೂ ವ್ಯತ್ಯಾಸವೇ ಕಾಣಲಿಲ್ಲ.

ವ್ಯಾಯಾಮದ ಪರ ಬರೆಯುವವರು ಇದನ್ನು ಪಕ್ಕಕ್ಕೆ ಸರಿಸುವುದೇ ಜಾಸ್ತಿ. ನನಗೆ ಡ್ಯೂಕ್‌ನ ಕಥೆ ಸರಿಯಾಗಿ ಅರ್ಥವಾದದ್ದು ಇದನ್ನು ಓದಿದ ಮೇಲೆ. ಆಶ್ರಮದಲ್ಲಿದ್ದವರು ಬಹಳ ವಯಸ್ಸಾದವರು, ದೇಹ ಸೋತವರು, ಹಲವರಿಗೆ ಮರೆವು ಕೂಡ. ಅಲ್ಲಿ 133 ಬಡಿತದ ನಡಿಗೆ ನಿರೀಕ್ಷಿಸುವ ಹಾಗೇ ಇಲ್ಲ. ಅದಕ್ಕಿಂತ ದೊಡ್ಡ ವ್ಯತ್ಯಾಸ ಇನ್ನೊಂದಿದೆ ಅಂತ ನನ್ನ ಅನಿಸಿಕೆ. ಡರ್‌ಹ್ಯಾಮ್‌ನವರು ವಾರಕ್ಕೆ ಮೂರು ಸಲ ಮನೆಯಿಂದ ಹೊರಗೆ ಬಂದರು. ಆಶ್ರಮದಲ್ಲಿದ್ದವರ ಹತ್ತಿರಕ್ಕೆ ವ್ಯಾಯಾಮವೇ ಬಂತು. ಮುಗಿಸಿಕೊಂಡು ಹೊರಟೂ ಹೋಯಿತು. ಮನೆ ಬಿಟ್ಟು ಬಂದ ದುಃಖ, ಗಂಡನನ್ನೋ ಹೆಂಡತಿಯನ್ನೋ ಕಳೆದುಕೊಂಡ ದುಃಖ ಅದೇ ಕುರ್ಚಿಯಲ್ಲಿ ಕೂತೇ ಇತ್ತು.

ಹಾಗಂತ ಎಂಬತ್ತಾದವರನ್ನು ಕೂರಿಸಿಬಿಡಿ ಅಂತ ಅಲ್ಲ. ಬೀಳದೆ ಇರಲು, ಶೌಚಾಲಯಕ್ಕೆ ತಾವೇ ಎದ್ದು ಹೋಗಲು ಕಾಲಿಗೆ ಬಲ ಬೇಕೇ ಬೇಕು. ನಡೆಯಲು ಮಂಡಿ ಬಿಡದವರಿಗೆ ಭಾರ ಎತ್ತುವ ದಾರಿ ಇದೆ. ಸಿಡ್ನಿಯಲ್ಲಿ 60 ದಾಟಿದ, ಖಿನ್ನತೆ ಇದ್ದ 60 ಜನರ ಮೇಲೆ ನಡೆದ, 2005ರಲ್ಲಿ ಪ್ರಕಟವಾದ ಪ್ರಯೋಗವೊಂದಿದೆ. ತಮ್ಮ ಶಕ್ತಿಯ ಶೇ 80ರಷ್ಟು ಭಾರ ಎತ್ತಿದವರಲ್ಲಿ ಶೇ 61 ಜನರ ಲಕ್ಷಣ ಅರ್ಧಕ್ಕೆ ಇಳಿಯಿತು. ಶೇ 20ರಷ್ಟು ಹಗುರ ಭಾರ ಎತ್ತಿದವರಲ್ಲಿ ಅದು ಶೇ 29. ಮಾಮೂಲಿ ವೈದ್ಯರ ಆರೈಕೆಯಲ್ಲಿದ್ದವರಲ್ಲಿ ಶೇ 21. ಅಂದರೆ ಇಲ್ಲೂ ಅದೇ ಮಾತು: ಮೈಗೆ ತಾಗುವಷ್ಟು ಇರಬೇಕು. ಹಿರಿಯರು ಅಂತ ಅರ್ಧ ಕೆಜಿ ಡಂಬೆಲ್ ಕೊಟ್ಟು ಮೇಲೆ ಕೆಳಗೆ ಮಾಡಿಸುವುದು ಮರ್ಯಾದೆ ಮಾತ್ರ, ಔಷಧ ಅಲ್ಲ. ಆದರೆ ಅಷ್ಟು ಭಾರವನ್ನು ಯಾರೂ ನೋಡಿಕೊಳ್ಳದೆ ಮನೆಯಲ್ಲಿ ಎತ್ತಿಸಬಾರದು. ಫಿಸಿಯೋಥೆರಪಿಸ್ಟ್ ಹೇಳಿಕೊಡಲಿ.

ನಮ್ಮ ಮನೆಗೆ ತರುವಾಗ

ಇದನ್ನು ಮನೆಗೆ ತರುವ ಮುಂಚೆ ಒಮ್ಮೆ ವೈದ್ಯರಲ್ಲಿಗೆ ಹೋಗಿಬನ್ನಿ. ಥೈರಾಯ್ಡ್ ಕಡಿಮೆ ಇದ್ದರೂ, ಬಿ12 ಕೊರತೆ ಇದ್ದರೂ ಹಿರಿಯರು ಥೇಟ್ ಖಿನ್ನತೆ ಬಂದವರ ಹಾಗೇ ಸೋಲುತ್ತಾರೆ. ಮಾಂಸ ತಿನ್ನದ ಮನೆಗಳಲ್ಲಿ ಬಿ12 ಪರೀಕ್ಷೆ ಮರೆಯಬೇಡಿ. ರಕ್ತ ಪರೀಕ್ಷೆಯಲ್ಲಿ ಸಿಗುವುದನ್ನು ಪಾರ್ಕಿನಲ್ಲಿ ಹುಡುಕಬಾರದು. ಬೀಪಿಗೋ ಹೃದಯಕ್ಕೋ ಅಟೆನೊಲಾಲ್, ಮೆಟೊಪ್ರೊಲಾಲ್ ಥರದ ಮಾತ್ರೆ ನುಂಗುವವರಿಗೆ ನಾಡಿ ಅಷ್ಟಾಗಿ ಏರುವುದಿಲ್ಲ. ಅವರಿಗೆ ಮೇಲಿನ 133ರ ಲೆಕ್ಕ ಬೇಡ. ಮಾತಾಡಬಹುದು, ಹಾಡಲು ಆಗುವುದಿಲ್ಲ ಅನ್ನುವ ಗುರುತು ಸಾಕು. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ತೆಗೆದುಕೊಳ್ಳುವವರು ಜೇಬಿನಲ್ಲಿ ನಾಲ್ಕು ಪೆಪ್ಪರ್‌ಮಿಂಟ್ ಇಟ್ಟುಕೊಂಡೇ ಹೊರಡಬೇಕು. ಸರ್ಟ್ರಲೀನ್ ಜಾತಿಯ ಮಾತ್ರೆ ಹೊಸದಾಗಿ ಶುರುವಾದ ಹಿರಿಯರಲ್ಲಿ ರಕ್ತದ ಸೋಡಿಯಂ ಇಳಿಯುವುದುಂಟು. ತಲೆ ಗಿಮ್ಮೆನ್ನುವುದು, ಗೊಂದಲ, ತೂರಾಡುವುದು ಕಂಡರೆ ನಡಿಗೆ ನಿಲ್ಲಿಸಿ ವೈದ್ಯರಿಗೆ ತೋರಿಸಿ. ಮಾತ್ರೆಯನ್ನು ಮಾತ್ರ ನೀವಾಗಿಯೇ ನಿಲ್ಲಿಸಬೇಡಿ.

ಸಾಯುವ ಮಾತು ಬಂದರೆ ವ್ಯಾಯಾಮದ ವಿಷಯ ಅಲ್ಲಿಗೆ ಬಿಡಿ. ಅವರನ್ನು ಒಬ್ಬರನ್ನೇ ಬಿಡದೆ ಮನೋವೈದ್ಯರ ಹತ್ತಿರ ಕರೆದುಕೊಂಡು ಹೋಗಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನ 14416 ಸಂಖ್ಯೆಗೆ ಯಾವ ಹೊತ್ತಿನಲ್ಲಾದರೂ ಫೋನ್ ಮಾಡಬಹುದು. ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡು ಕೊಡಬೇಕಿಲ್ಲ.

ಉಳಿದದ್ದು ಹೊರಡಿಸುವ ಕೆಲಸ. ಖಿನ್ನತೆ ಇರುವವರಿಗೆ ಅರ್ಧ ಗಂಟೆಯ ನಡಿಗೆ ಕಷ್ಟ ಆಗುವುದಕ್ಕಿಂತ ಮೊದಲು ಮಂಚದಿಂದ ಬಾಗಿಲವರೆಗಿನ ದೂರ ಕಷ್ಟ ಆಗುತ್ತದೆ. ಹಾಗಾಗಿ ಮೊದಲ ವಾರದ ಗುರಿ ಬಾಗಿಲು ಇರಲಿ. "ಹೋಗಿ" ಬೇಡ, "ಬನ್ನಿ, ನಾನೂ ಬರ್ತೀನಿ" ಇರಲಿ. ಹಾಲಿನ ಬೂತು, ಬೀದಿ ಕೊನೆಯ ಅರಳಿಕಟ್ಟೆ, ದೇವಸ್ಥಾನ, ಏನೋ ಒಂದು ನೆಪ ಇದ್ದರೆ ಕಾಲು ಬೇಗ ಏಳುತ್ತದೆ. ಹೊತ್ತು ಮಾತ್ರ ದಿನಾ ಒಂದೇ ಇರಲಿ. ಖಿನ್ನತೆ ಇದ್ದವರನ್ನು "ಯಾವಾಗ ಹೋಗೋಣ" ಎಂದು ಕೇಳಿದರೆ "ನಾಳೆ" ಅನ್ನುತ್ತಾರೆ. ಬೆವರು ಬರುವಷ್ಟು ಜೋರು ನಾಲ್ಕೈದು ವಾರದ ಮೇಲೆ ಬಂದರೂ ಆದೀತು. ಮೊದಲ ತಿಂಗಳು ಮುಖದಲ್ಲಿ ಏನೂ ಬದಲಾವಣೆ ಕಾಣದಿದ್ದರೆ ಗಾಬರಿ ಬೇಡ. ಡ್ಯೂಕ್‌ನಲ್ಲೂ ನಡಿಗೆಯವರೇ ಹಿಂದಿದ್ದರು.

ಪಕ್ಕದಲ್ಲಿ ನಿಂತು ನಾಡಿ ನೋಡುವ ಸೂಪರ್‌ವೈಸರ್ ಎಲ್ಲಿಂದ ತರೋಣ ಅಂತ ಕೇಳುವವರಿಗೆ ಅದೇ ಬ್ಲೂಮೆಂಥಾಲ್ ತಂಡದ ಎರಡನೇ ಪ್ರಯೋಗದಲ್ಲಿ ಉತ್ತರ ಇದೆ. 2007ರಲ್ಲಿ ಅದು ಪ್ರಕಟವಾಯಿತು. 40 ದಾಟಿದ 202 ಜನ. ಮೊದಲ ಸಲದ ಕೊರತೆ ತುಂಬಲು ಈ ಬಾರಿ ಹುಸಿ ಮಾತ್ರೆಯ ಗುಂಪೂ ಇತ್ತು. ಒಂದು ಗುಂಪು ಕೇಂದ್ರಕ್ಕೆ ಬಂದು ವ್ಯಾಯಾಮ ಮಾಡಿತು. ಇನ್ನೊಂದಕ್ಕೆ ಹೇಗೆ ಮಾಡಬೇಕೆಂದು ತೋರಿಸಿಕೊಟ್ಟು, ಮಧ್ಯೆ ಒಂದೆರಡು ಸಲ ವಿಚಾರಿಸಿ, ಮನೆಯಲ್ಲೇ ಮಾಡಿಕೊಳ್ಳಲು ಬಿಟ್ಟರು. ನಾಲ್ಕು ತಿಂಗಳಿಗೆ ಗುಣವಾದವರು ಕೇಂದ್ರದ ಗುಂಪಿನಲ್ಲಿ ಶೇ 45, ಮನೆಯ ಗುಂಪಿನಲ್ಲಿ ಶೇ 40, ಸರ್ಟ್ರಲೀನ್ ಗುಂಪಿನಲ್ಲಿ ಶೇ 47, ಹುಸಿ ಮಾತ್ರೆಯವರಲ್ಲಿ ಶೇ 31. ಹುಸಿ ಮಾತ್ರೆಯ ಜೊತೆಗಿನ ಅಂತರ, ಅದು ಆಕಸ್ಮಿಕ ಅಲ್ಲ ಅನ್ನಲು ಬೇಕಾದ ಗಣಿತದ ಗೆರೆಯನ್ನು ಕೂದಲೆಳೆಯಷ್ಟರಲ್ಲಿ ಮುಟ್ಟದೇ ಹೋಯಿತು. ಹಾಗಾಗಿ ಡಂಗುರ ಹೊಡೆಯುವಂತಿಲ್ಲ. ಆದರೆ ಮನೆಯಲ್ಲಿ ಮಾಡಿದ್ದಕ್ಕೂ ಕೇಂದ್ರದಲ್ಲಿ ಮಾಡಿದ್ದಕ್ಕೂ ಇದ್ದ ದೂರ ಐದೇ ಐದು.

ಆಮೇಲೆ ಒಂದು ವರ್ಷ ಕಳೆದು ಅವರನ್ನೂ ಮತ್ತೆ ನೋಡಿದರು. ವ್ಯಾಯಾಮ ಬಿಡದವರು ಹೆಚ್ಚು ಚೆನ್ನಾಗಿದ್ದರು. ವಾರಕ್ಕೆ ಸುಮಾರು 180 ನಿಮಿಷದವರೆಗೆ, ಮಾಡಿದಷ್ಟೂ ಲಾಭ ಏರುತ್ತಿತ್ತು. ಅದರ ಆಚೆ ಮಾಡಿದವರಿಗೆ ಹೆಚ್ಚಿನದೇನೂ ಸಿಕ್ಕಿರಲಿಲ್ಲ. ದಿನಕ್ಕೆ ಅರ್ಧ ಗಂಟೆಯಂತೆ ಆರು ದಿನ. ಏಳನೇ ದಿನ ಅಜ್ಜ ಬೆಂಚಿನ ಮೇಲೆ ಕೂತು ಮದುವೆ ಮಾತಾಡಲಿ.